ತೈ ಚಿ ಕಲಿಯುವವರ ಮಂಡಿ ಏಕೆ ನೋಯುತ್ತದೆ? ಹೊಸಬರ ತಪ್ಪುಗಳು, ಅವುಗಳ ಹಿಂದಿನ ಕಾರಣಗಳು

ಮಂಡಿ ನೋವಿಗೆ ಒಳ್ಳೆಯದು ಎಂದು ಕೇಳಿ ತೈ ಚಿ ಶುರು ಮಾಡಿದವರಲ್ಲಿ ಕೆಲವರಿಗೆ ಮಂಡಿ ನೋವೇ ಜಾಸ್ತಿಯಾಗುತ್ತದೆ. ಕೇಳಿದರೆ ವಿಚಿತ್ರ ಅನ್ನಿಸಬಹುದು. ತೈ ಚಿ ಕಲಿಸುವವರಿಗೆ ಮಾತ್ರ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಅಷ್ಟು ಮೆಲ್ಲಗೆ, ಅಷ್ಟು ಹಗುರವಾಗಿ ಕಾಣುವ ವ್ಯಾಯಾಮದಲ್ಲಿ ಪೆಟ್ಟು ಹೇಗಾಗುತ್ತದೆ ಎಂದು ತಿಳಿದುಕೊಂಡರೆ ಹೊಸಬರು ಮಾಡುವ ಬಹುಪಾಲು ತಪ್ಪುಗಳು ತಾವಾಗಿಯೇ ಅರ್ಥವಾಗುತ್ತವೆ.

ಈ ಮಾತು ಈಗ ಏಕೆ ಅಂದರೆ, ತೈ ಚಿ ನಮ್ಮ ಫೋನುಗಳಿಗೆ ಬಂದಿದೆ. 'ತೈ ಚಿ ವಾಕಿಂಗ್' ಎಂಬ ಹೆಸರಿನ ವಿಡಿಯೊಗಳು, ಕೆಲವೇ ವಾರದಲ್ಲಿ ತೂಕ ಇಳಿಸುವ ಭರವಸೆಗಳು ಕಣ್ಣಿಗೆ ಬೀಳುತ್ತಲೇ ಇವೆ. ಇನ್ನೊಂದು ಕಡೆ ವೈದ್ಯಲೋಕವೂ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ, ಮಂಡಿ ಮತ್ತು ಸೊಂಟದ ಕೀಲು ಸವೆತಕ್ಕೆ ತೈ ಚಿ ಮಾಡಿ ಎಂದು 2019ರ ಮಾರ್ಗಸೂಚಿಯಲ್ಲಿ ಬಲವಾಗಿಯೇ ಶಿಫಾರಸು ಮಾಡಿತು. ಹೀಗಾಗಿ ವ್ಯಾಯಾಮದ ಅಭ್ಯಾಸವೇ ಇಲ್ಲದವರು, ಅರವತ್ತು ದಾಟಿದವರು ಕೂಡ ಟಿವಿ ಮುಂದೆ ನಿಂತು ಕೈ ಆಡಿಸಲು ಶುರು ಮಾಡಿದ್ದಾರೆ. ಸರಿಯಾಗಿ ಮಾಡಿದರೆ ನಿಜಕ್ಕೂ ಒಳ್ಳೆಯದು. ಆ 'ಸರಿಯಾಗಿ' ಅಂದರೇನು ಎಂಬುದನ್ನು ಇಲ್ಲಿ ನೋಡೋಣ.

ತೈ ಚಿ ಬಂದದ್ದು ಎಲ್ಲಿಂದ?

ತೈ ಚಿ ಮೂಲದಲ್ಲಿ ಚೀನಾದ ಒಂದು ಕಾಳಗದ ಕಲೆ. ಪೂರ್ತಿ ಹೆಸರು ತೈಚಿಚ್ವಾನ್. ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿ ಚೆನ್ ಮನೆತನದವರ ಹಳ್ಳಿಯೊಂದಿದೆ, ಚೆನ್‌ಜಿಯಾಗೊ ಅಂತ. 17ನೇ ಶತಮಾನದಲ್ಲಿ ಅಲ್ಲಿದ್ದ ಚೆನ್ ವಾಂಗ್‌ಟಿಂಗ್ ಎಂಬ ಯೋಧ ಇದಕ್ಕೆ ರೂಪ ಕೊಟ್ಟನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಯಾಂಗ್ ಲೂಚಾನ್ (1799–1872) ಆ ಹಳ್ಳಿಯಲ್ಲಿ ಕಲಿತು ಬೀಜಿಂಗ್‌ನಲ್ಲಿ ಕಲಿಸಿದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಜಿಗಿತ, ಒದೆತದ ಅಬ್ಬರವನ್ನೆಲ್ಲ ತಗ್ಗಿಸಿ ನಿಧಾನವಾದ, ದೊಡ್ಡ ದೊಡ್ಡ ಚಲನೆಗಳ ತೈ ಚಿಯನ್ನು ಊರೂರಿಗೆ ತಲುಪಿಸಿದ. ಇವತ್ತು ಪಾರ್ಕುಗಳಲ್ಲಿ ಕಾಣುವುದು ಹೆಚ್ಚಾಗಿ ಈ ಯಾಂಗ್ ಶೈಲಿಯೇ.

1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯ ಉದ್ದನೆಯ ಸರಣಿಯನ್ನು ಮೊಟಕು ಮಾಡಿ 24 ಭಂಗಿಗಳ ಚಿಕ್ಕ ಸರಣಿ ಮಾಡಿತು. ಮಾಡಿ ಮುಗಿಸಲು ಐದಾರು ನಿಮಿಷ ಸಾಕು. ಹಳೆಯ ಉದ್ದ ಸರಣಿಗೆ ಇಪ್ಪತ್ತು ನಿಮಿಷದ ಮೇಲೆ ಬೇಕು. ಜಗತ್ತಿನಾದ್ಯಂತ ಹೊಸಬರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಈ 24ರ ಸರಣಿ. 2020ರಲ್ಲಿ ಯುನೆಸ್ಕೊ ತೈಚಿಚ್ವಾನ್ ಅನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಳಗದ ಕಲೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಬಹಳಷ್ಟು ವಿಷಯಕ್ಕೆ ಅದೇ ಬುಡ.

ಕಣ್ಣು ಹೋಗುವುದು ಕೈ ಮೇಲೆ

ತೈ ಚಿ ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಕೈ. ಚೆಂದವಾಗಿ ಮೇಲೇಳುತ್ತದೆ, ತಿರುಗುತ್ತದೆ, ಇಳಿಯುತ್ತದೆ. ಹಾಗಾಗಿ ಕಲಿಯುವಾಗಲೂ ಕೈಯನ್ನೇ ನಕಲು ಮಾಡುತ್ತೇವೆ. ಬಲಗೈ ಎಲ್ಲಿ, ಎಡಗೈ ಎಲ್ಲಿ, ಅಂಗೈ ಯಾವ ಕಡೆಗೆ ಎಂಬುದರಲ್ಲೇ ಗಮನವೆಲ್ಲ ಖರ್ಚಾಗುತ್ತದೆ. ಕಾಲು ತನ್ನಷ್ಟಕ್ಕೆ ಹೇಗೋ ಹಿಂದೆ ಬರುತ್ತಿರುತ್ತದೆ.

ನಡೆಯಬೇಕಾದದ್ದು ಇದರ ತಿರುಗುಮುರುಗು. ಬಲ ಹುಟ್ಟುವುದು ಪಾದದಲ್ಲಿ, ಕಾಲಿನಲ್ಲಿ ಏರುತ್ತದೆ, ಸೊಂಟ ಅದಕ್ಕೆ ದಿಕ್ಕು ಕೊಡುತ್ತದೆ, ಬೆರಳಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ ಎಂಬುದು ತೈ ಚಿಯ ಹಳೆಯ ಪಠ್ಯಗಳ ಉಪದೇಶ. ಕೈ ಕೊನೆಯ ಘಟ್ಟ ಅಷ್ಟೆ. ಕೊನೆಯದನ್ನು ಮೊದಲು ಕಲಿಯಲು ಹೊರಟರೆ ಉಳಿದದ್ದೆಲ್ಲ ಅಡ್ಡಾದಿಡ್ಡಿ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹೊಸಬರ ಹತ್ತು ತಪ್ಪುಗಳಲ್ಲಿ ಏಳೆಂಟು ಹುಟ್ಟುವುದು ಇಲ್ಲಿಂದಲೇ.

ಭಾರ ಎಲ್ಲಿದೆ?

ತೈ ಚಿಯಲ್ಲಿ ಎರಡು ಕಾಲಿನ ಕೆಲಸ ಬೇರೆ ಬೇರೆ. ಒಂದು ಕಾಲು 'ತುಂಬಿದ' ಕಾಲು, ಅಂದರೆ ದೇಹದ ಭಾರ ಹೊತ್ತದ್ದು. ಇನ್ನೊಂದು 'ಖಾಲಿ' ಕಾಲು. ಸರಣಿ ಸಾಗಿದಂತೆ ಭಾರ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ನೋಡಲು ಸರಳ. ಆದರೆ ನಾವು ದಿನವೂ ನಡೆಯುವ ರೀತಿ ಹೀಗಿಲ್ಲ.

ಮಾಮೂಲಿ ನಡಿಗೆಯಲ್ಲಿ ದೇಹ ಸ್ವಲ್ಪ ಮುಂದಕ್ಕೆ ಬೀಳುತ್ತದೆ, ಮುಂದಿನ ಕಾಲು ಅದನ್ನು ತಡೆಯುತ್ತದೆ. ಪಾದ ನೆಲಕ್ಕೆ ತಾಗಿದ ಕ್ಷಣವೇ ಭಾರವೂ ಅದರ ಮೇಲೆ ಬಿದ್ದಿರುತ್ತದೆ. ತೈ ಚಿಯಲ್ಲಿ ಇವೆರಡನ್ನೂ ಬೇರೆ ಮಾಡಬೇಕು. ಮೊದಲು ಹಿಂದಿನ ಕಾಲಿನ ಮೇಲೆ ಪೂರ್ತಿ ನಿಲ್ಲಬೇಕು. ಮುಂದಿನ ಕಾಲನ್ನು ಖಾಲಿಯಾಗಿ ಚಾಚಿ ಹಿಮ್ಮಡಿ ಇಡಬೇಕು. ಆಮೇಲೆ ನಿಧಾನವಾಗಿ ಅಂಗಾಲು ಊರುತ್ತಾ ಭಾರ ದಾಟಿಸಬೇಕು.

ಸರಿಯಾಗುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಹಿಮ್ಮಡಿ ಇಟ್ಟ ಕೂಡಲೇ ನಿಂತುಬಿಡಿ. ದೇಹವನ್ನು ಒಂಚೂರೂ ಹಿಂದಕ್ಕೆ ಎಳೆಯದೆ ಆ ಕಾಲನ್ನು ಮತ್ತೆ ಎತ್ತಲು ಆಗುತ್ತದೆಯೇ? ಆದರೆ ಹೆಜ್ಜೆ ಸರಿ. ಎತ್ತಲು ದೇಹ ಜೋಲಿ ಹೊಡೆಯಬೇಕಾದರೆ ಹೆಜ್ಜೆ ತುಂಬ ಉದ್ದವಾಯಿತು, ಅಥವಾ ಭಾರ ಮೊದಲೇ ಬಿತ್ತು ಅಂತ ಅರ್ಥ. ಹೊಸಬರಲ್ಲಿ ಹೆಚ್ಚಿನವರಿಗೆ ಇದು ಮೊದಲ ದಿನ ಆಗುವುದಿಲ್ಲ. ಹೆಜ್ಜೆ ಅರ್ಧಕ್ಕೆ ಇಳಿಸಿದರೆ ಆಗುತ್ತದೆ.

ವಯಸ್ಸಾದವರು ಬೀಳುವುದನ್ನು ತಪ್ಪಿಸಲು ತೈ ಚಿ ನೆರವಾಗುವುದು ಈ ಅಭ್ಯಾಸದಿಂದಲೇ. ಕಾಲಿಟ್ಟ ಕಡೆ ನೆಲ ಜಾರಿದರೂ ದೇಹ ಇನ್ನೂ ಹಿಂದಿನ ಕಾಲಿನ ಮೇಲೆ ಇರುತ್ತದೆ, ಕಾಲು ವಾಪಸ್ ತೆಗೆದುಕೊಳ್ಳಲು ಅವಕಾಶವಿರುತ್ತದೆ. ಭಾರ ದಾಟಿಸುವುದನ್ನು ಬಿಟ್ಟು ಬರೀ ಕೈ ಆಡಿಸಿದರೆ ಈ ಲಾಭದ ಬಹುಪಾಲು ಕೈತಪ್ಪಿ ಹೋಗುತ್ತದೆ.

ಎರಡೂ ಕಾಲಿನ ಮೇಲೆ ಸಮವಾಗಿ ನಿಂತು, ಯಾವುದನ್ನೂ ಎತ್ತಲಾಗದ ಸ್ಥಿತಿಯಿಂದ ತಿರುಗಲು ನೋಡುವುದು ಇನ್ನೊಂದು ತಪ್ಪು. ಅಲ್ಲಿಂದಲೇ ಮಂಡಿಯ ಕಥೆ ಶುರು.

ಮಂಡಿಗೆ ಪೆಟ್ಟು ಬೀಳುವುದು ಹೇಗೆ

ಕಾಲಿನ ಮೂರು ಮುಖ್ಯ ಕೀಲುಗಳನ್ನು ನೋಡಿ. ಮೇಲೆ ತೊಡೆ ಮೂಳೆ ಸೊಂಟಕ್ಕೆ ಸೇರುವ ಕೀಲು. ಅದು ಗುಂಡಗಿದ್ದು ಎಲ್ಲ ದಿಕ್ಕಿಗೂ ತಿರುಗುತ್ತದೆ. ಕೆಳಗೆ ಪಾದದ ಕೀಲು. ಅದಕ್ಕೂ ಆಚೀಚೆ ಸ್ವಲ್ಪ ಬಾಗುವ ಅನುಕೂಲವಿದೆ. ನಡುವೆ ಇರುವ ಮಂಡಿಯ ಮುಖ್ಯ ಕೆಲಸ ಮಡಚುವುದು ಮತ್ತು ಚಾಚುವುದು. ತಿರುಚುವುದು ಅದಕ್ಕೆ ಆಗಿಬರುವುದಿಲ್ಲ.

ಈಗ ಪಾದ ನೆಲಕ್ಕೆ ಒತ್ತಿ ಕೂತಿದೆ, ಅದರ ಮೇಲೆ ಭಾರವಿದೆ, ಮಂಡಿ ಮಡಚಿದೆ ಅಂದುಕೊಳ್ಳಿ. ಆ ಸ್ಥಿತಿಯಲ್ಲಿ ಮೈಯನ್ನು ಪಕ್ಕಕ್ಕೆ ತಿರುಗಿಸಿದರೆ ಆ ತಿರುವನ್ನು ಮೇಲಿನ ಕೀಲು ತೆಗೆದುಕೊಳ್ಳಬೇಕು. ದಿನವಿಡೀ ಕುರ್ಚಿಯಲ್ಲಿ ಕೂತು ಆ ಕೀಲು ಬಿಗಿದುಕೊಂಡಿದ್ದರೆ? ತಿರುವು ಕೆಳಕ್ಕೆ ಇಳಿಯುತ್ತದೆ. ಪಾದ ಅಲುಗುವುದಿಲ್ಲ. ಉಳಿಯುವುದು ಮಂಡಿ ಮಾತ್ರ. ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಮತ್ತು ಪಕ್ಕದ ಅಸ್ಥಿರಜ್ಜುಗಳ ಮೇಲೆ ಎಳೆತ ಬೀಳುತ್ತದೆ. ಒಂದು ಸಲಕ್ಕೆ ಏನೂ ಗೊತ್ತಾಗುವುದಿಲ್ಲ. ಚಲನೆ ನಿಧಾನವಿರುವುದರಿಂದ ಚುರ್ ಎನ್ನುವ ನೋವೂ ಬರುವುದಿಲ್ಲ. ದಿನಾ ಹತ್ತಿಪ್ಪತ್ತು ಸಲ, ತಿಂಗಳುಗಟ್ಟಲೆ ಮಾಡಿದಾಗ ನೋವು ತಲೆ ಎತ್ತುತ್ತದೆ.

ಹೊಸಬರಿಗೆ ನಿಯಮ ಸರಳ: ಮೊದಲು ಭಾರ ತೆಗೆ, ಆಮೇಲೆ ಪಾದ ತಿರುಗಿಸು, ಆಮೇಲೆ ಭಾರ ಹಾಕು. 24ರ ಸರಣಿಯ ಶುರುವಿನಲ್ಲೇ ಬರುವ 'ಕಾಡುಕುದುರೆಯ ಜೂಲು ಬಿಡಿಸುವುದು' ಎಂಬ ಭಂಗಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದು ಹೆಜ್ಜೆ ಮುಗಿದ ಮೇಲೆ ಮೊದಲು ಹಿಂದಿನ ಕಾಲಿನ ಮೇಲೆ ಕೂತಂತೆ ಹಿಂದಕ್ಕೆ ಸರಿಯುತ್ತಾರೆ. ಮುಂದಿನ ಪಾದದ ಬೆರಳು ಮೇಲೇಳುತ್ತದೆ. ಪಾದ ಹಿಮ್ಮಡಿಯ ಮೇಲೆ ಸುಮಾರು 45 ಡಿಗ್ರಿ ಹೊರಗೆ ತಿರುಗುತ್ತದೆ. ಆಮೇಲೆ ಭಾರ ಅದರ ಮೇಲೆ ಬರುತ್ತದೆ. ಆ ಹಿಂದಕ್ಕೆ ಸರಿಯುವುದನ್ನು ಬಿಟ್ಟು ನೇರವಾಗಿ ಪಾದ ತಿರುಚುವವರೇ ಜಾಸ್ತಿ. ಕೆಲವು ಗುರುಪರಂಪರೆಗಳಲ್ಲಿ ಭಾರ ಇಟ್ಟುಕೊಂಡೇ ತಿರುಗುವ ಕ್ರಮವಿದೆ, ನಿಜ. ಮೇಲಿನ ಕೀಲು ಚೆನ್ನಾಗಿ ಸಡಿಲಗೊಂಡ ಅನುಭವಿಗಳಿಗೆ ಅದು ಸರಿ, ಕಲಿಯುವವರಿಗೆ ಬೇಡ.

ಮಂಡಿಗೆ ಸಂಬಂಧಿಸಿದ ಇನ್ನೂ ಮೂರು ವಿಷಯಗಳಿವೆ. ಮಂಡಿ ಯಾವಾಗಲೂ ಪಾದದ ಬೆರಳು ನೋಡುವ ಕಡೆಗೇ ಬಾಗಬೇಕು. ಒಳಕ್ಕೆ ಕುಸಿಯಬಾರದು. ಹಿಂದಿನ ಕಾಲಿನ ಮಂಡಿ ಒಳಗೆ ಬೀಳುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಎಲ್ಲರೂ ಮುಂದಿನ ಕಾಲನ್ನೇ ನೋಡುತ್ತಿರುತ್ತಾರೆ. ಎರಡನೆಯದು, ಬಿಲ್ಲು ಹೆಜ್ಜೆ ಎಂಬ ನಿಲುವಿನಲ್ಲಿ, ಅಂದರೆ ಮುಂದಿನ ಕಾಲು ಮಡಚಿ ಹಿಂದಿನದು ಚಾಚಿ ನಿಂತಾಗ, ಎರಡು ಹಿಮ್ಮಡಿಗಳು ಒಂದೇ ಗೆರೆಯ ಮೇಲೆ ಬರಬಾರದು. ಅಡ್ಡಕ್ಕೆ ಒಂದು ಗೇಣಿನಷ್ಟಾದರೂ ಜಾಗ ಬೇಕು. ಇಲ್ಲದಿದ್ದರೆ ದೇಹ ಓಲಾಡುತ್ತದೆ, ಅದನ್ನು ತಡೆಯಲು ಮಂಡಿ ಒದ್ದಾಡುತ್ತದೆ. ಯಾಂಗ್ ಶೈಲಿಯಲ್ಲಿ ಈ ನಿಲುವಿನ ಭಾರ ಮುಂದೆ ಸುಮಾರು 70 ಭಾಗ, ಹಿಂದೆ 30 ಭಾಗ. ಮುಂದಿನ ಮಂಡಿ ಬೆರಳಿನ ತುದಿ ದಾಟಬಾರದು.

ಮೂರನೆಯದು ತಗ್ಗು ನಿಲುವಿನ ಆಸೆ. ಸ್ಪರ್ಧೆಯವರು ತೊಡೆ ನೆಲಕ್ಕೆ ಸಮನಾಗುವಷ್ಟು ಕೂತು ಮಾಡುವುದನ್ನು ನೋಡಿ ನಾವೂ ಕೂರುತ್ತೇವೆ. 'ಹಾವು ತೆವಳುವುದು' ಎಂಬ ಭಂಗಿಯಲ್ಲಂತೂ ಒಂದು ಕಾಲಿನ ಮೇಲೆ ಪೂರ್ತಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಅದು ತೈ ಚಿಗೆ ಅಗತ್ಯವೇ ಅಲ್ಲ. ಮಂಡಿ ಸ್ವಲ್ಪವೇ ಬಾಗಿದ ಎತ್ತರದ ನಿಲುವಿನಲ್ಲಿ ಇಡೀ ಸರಣಿ ಮಾಡಬಹುದು. ಭಾರ ದಾಟಿಸುವ ಕೆಲಸ ಅಲ್ಲೂ ಅಷ್ಟೇ ನಡೆಯುತ್ತದೆ.

ಸೊಂಟ ಸುಮ್ನೆ ಇದ್ದು ಕೈ ಮಾತ್ರ ಬೀಸಿದರೆ

'ಮೋಡದ ಕೈ' ಎಂಬ ಭಂಗಿಯಲ್ಲಿ ಎರಡು ಕೈಗಳು ಮುಖದ ಮುಂದೆ, ಹೊಟ್ಟೆಯ ಮುಂದೆ ಸುತ್ತು ಹಾಕುತ್ತವೆ. ಹೊಸಬರು ಎದೆ ಮುಂದಕ್ಕೆ ಹಿಡಿದು, ತೋಳು ಮಾತ್ರ ಆಚೀಚೆ ಬೀಸುತ್ತಾರೆ. ಸ್ವಲ್ಪ ಹೊತ್ತಿಗೆ ಭುಜ ಕಿವಿಯ ಹತ್ತಿರ ಏರಿರುತ್ತದೆ, ಕತ್ತು ನೋಯುತ್ತದೆ. ಸರಿಯಾದ ಕ್ರಮದಲ್ಲಿ ಕೈ ಎದೆಯ ಮುಂದಿನ ತನ್ನ ಜಾಗ ಬಿಟ್ಟು ದೂರ ಹೋಗುವುದೇ ಇಲ್ಲ. ಸೊಂಟ ತಿರುಗುತ್ತದೆ, ಎದೆ ಅದರ ಜೊತೆ ತಿರುಗುತ್ತದೆ, ಕೈ ಎದೆಯ ಜೊತೆ ಹೋಗುತ್ತದೆ. ಒಂದು ಪರೀಕ್ಷೆ ಮಾಡಿ: ಕೈ ಇಳಿಬಿಟ್ಟು ಅದೇ ಭಂಗಿಯ ಹೆಜ್ಜೆ ಮತ್ತು ತಿರುವು ಮಾತ್ರ ಮಾಡಿ. ಅದು ಬಂದ ಮೇಲೆ ಕೈ ಸೇರಿಸಿ. ಭುಜ ತಾನಾಗಿ ಇಳಿಯುತ್ತದೆ.

ಸಡಿಲ ಬಿಡಿ, ಸಡಿಲ ಬಿಡಿ ಎಂದು ಗುರುಗಳು ಹೇಳುತ್ತಲೇ ಇರುತ್ತಾರೆ. ಅದನ್ನು ಕೇಳಿ ಕೆಲವರು ಕೈಯನ್ನು ಪೂರ್ತಿ ಜೋತು ಬಿಡುತ್ತಾರೆ, ಎದೆ ಕುಸಿಯುತ್ತದೆ, ಮಣಿಕಟ್ಟು ನೇತಾಡುತ್ತದೆ. ಬೇಕಿಲ್ಲದ ಬಿಗಿ ಬಿಡಬೇಕು, ಆಕಾರ ಬಿಡಬಾರದು. ಇಲ್ಲಿ ಕಾಳಗದ ಮೂಲ ನೆರವಿಗೆ ಬರುತ್ತದೆ. 'ಮಂಡಿ ಸವರುವ' ಭಂಗಿಯಲ್ಲಿ ಕೆಳಗಿನ ಕೈ ಸುಮ್ನೆ ಗಾಳಿ ಸವರುವುದಿಲ್ಲ. ಎದುರಾಳಿಯ ಒದೆತವನ್ನು ಪಕ್ಕಕ್ಕೆ ತಳ್ಳುತ್ತದೆ. ಮೇಲಿನ ಅಂಗೈ ಅವನ ಎದೆಗೆ ಒತ್ತುತ್ತದೆ. ಇಷ್ಟು ತಿಳಿದರೆ ಕೈ ಎಷ್ಟು ಎತ್ತರದಲ್ಲಿರಬೇಕು, ಮೊಣಕೈ ಎಷ್ಟು ಬಾಗಿರಬೇಕು ಎಂದು ಬೇರೆಯವರು ಹೇಳಬೇಕಾಗಿಲ್ಲ. ಯಾರ ಜೊತೆಗೂ ಕಾದಾಡುವ ಉದ್ದೇಶ ನಮಗಿಲ್ಲ, ಸರಿ. ಆದರೂ ಪ್ರತಿ ಭಂಗಿಯ ಕೆಲಸ ಏನೆಂದು ಗುರುಗಳನ್ನು ಕೇಳಿ ತಿಳಿಯಿರಿ. ಅರ್ಥ ಗೊತ್ತಿಲ್ಲದ ಚಲನೆ ದಿನದಿಂದ ದಿನಕ್ಕೆ ಆಕಾರ ಕಳೆದುಕೊಳ್ಳುತ್ತದೆ.

ತಲೆ ತಗ್ಗಿಸಿ ಪಾದ ನೋಡುವುದೂ ಇಂಥದ್ದೇ ಅಭ್ಯಾಸ. ತಲೆ ಭಾರವಾದ ಅಂಗ. ಅದು ಮುಂದೆ ಬಾಗಿದರೆ ಬೆನ್ನು ಬಾಗುತ್ತದೆ, ತೂಕ ಬೆರಳಿನ ಕಡೆ ಜಾರುತ್ತದೆ. ನೆತ್ತಿಯನ್ನು ಯಾರೋ ಮೇಲಿನಿಂದ ಹಿಡಿದೆತ್ತಿದಂತೆ ನಿಲ್ಲಬೇಕೆನ್ನುವುದು ಇದಕ್ಕಾಗಿಯೇ. ಬೆನ್ನು ನೆಟ್ಟಗಿಡಲು ಹೋಗಿ ಪೃಷ್ಠವನ್ನು ಬಲವಂತವಾಗಿ ಒಳಕ್ಕೆ ಒತ್ತಿಕೊಳ್ಳುವುದೂ ಬೇಡ. ಅದರಿಂದ ತೊಡೆಸಂದು ಬಿಗಿದು, ತಿರುವು ಮತ್ತೆ ಮಂಡಿಗೇ ಬರುತ್ತದೆ.

ನಿಧಾನ ಅಂದರೆ ಎಷ್ಟು ನಿಧಾನ?

ಹಳೆಯ ಚೀನೀ ಪಠ್ಯವೊಂದು ತೈ ಚಿಯ ಚಲನೆಯನ್ನು ರೇಷ್ಮೆಗೂಡಿನಿಂದ ಎಳೆ ತೆಗೆಯುವುದಕ್ಕೆ ಹೋಲಿಸುತ್ತದೆ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ನೂಲು ಬಿಚ್ಚುವಾಗ ಜಗ್ಗಿದರೆ ಎಳೆ ತುಂಡಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ಎಳೆದರೆ ಸಿಕ್ಕಾಗುತ್ತದೆ. ಒಂದೇ ಸಮನೆ ಬರಬೇಕು.

ತೈ ಚಿಯಲ್ಲೂ ಮುಖ್ಯವಾದದ್ದು ಈ ಸಮ. ಹೊಸಬರು ಒಂದು ಭಂಗಿ ಬಂತೆಂದು ನಿಲ್ಲುತ್ತಾರೆ, ಮುಂದಿನದು ನೆನಪಾದ ಕೂಡಲೇ ಧಾವಿಸುತ್ತಾರೆ, ಮತ್ತೆ ನಿಲ್ಲುತ್ತಾರೆ. ಅಸಲಿ ಕಲಿಕೆ ಇರುವುದು ಎರಡು ಭಂಗಿಗಳ ನಡುವಿನ ದಾರಿಯಲ್ಲಿ. ಫೋಟೊದಲ್ಲಿ ಕಾಣುವುದು ಭಂಗಿ, ಹಾಗಾಗಿ ದಾರಿ ಕಡೆಗಣನೆಗೆ ಸಿಕ್ಕುತ್ತದೆ. ಇನ್ನು ಕೆಲವರು ನಿಧಾನವೇ ಗುರಿ ಎಂದು ತಿಳಿದು ಕಾಲು ನಡುಗುವಷ್ಟು ಎಳೆದಾಡುತ್ತಾರೆ. ಅದೂ ಬೇಕಿಲ್ಲ. ಭಾರ ದಾಟುವುದು ನಿಮ್ಮ ಅರಿವಿಗೆ ಬರುವಷ್ಟು ನಿಧಾನ ಸಾಕು.

ಯೋಗದಿಂದ ಬಂದವರು ಗಮನಿಸಬೇಕಾದದ್ದು

ನಮ್ಮಲ್ಲಿ ತೈ ಚಿಗೆ ಬರುವವರಲ್ಲಿ ಯೋಗ ಮಾಡಿದವರು ಜಾಸ್ತಿ. ಮೈಸೂರಿನಂಥ ಊರುಗಳಲ್ಲಂತೂ ಯೋಗ ಮನೆಮಾತು. ಆ ಹಿನ್ನೆಲೆ ದೊಡ್ಡ ಆಸ್ತಿ: ದೇಹದ ಅರಿವು ಇರುತ್ತದೆ, ತೊಡೆಸಂದು ಸಡಿಲವಿರುತ್ತದೆ. ಆದರೆ ಕೆಲವು ಅಭ್ಯಾಸಗಳು ಅಡ್ಡ ಬರುತ್ತವೆ.

ತ್ರಿಕೋನಾಸನದಲ್ಲಿ ಮಂಡಿ ನೇರ, ಕೈ ನೇರ, ಹಿಗ್ಗುವಷ್ಟು ಹಿಗ್ಗಬೇಕು. ತೈ ಚಿಯಲ್ಲಿ ಯಾವ ಕೀಲೂ ಪೂರ್ತಿ ಚಾಚಿ ಲಾಕ್ ಆಗಬಾರದು. ಮೊಣಕೈ, ಮಂಡಿ ಎರಡರಲ್ಲೂ ಒಂದು ಸಣ್ಣ ಬಾಗು ಉಳಿಯಬೇಕು. ಆಸನದಲ್ಲಿ ಸ್ಥಿರವಾಗಿ ನಿಲ್ಲುತ್ತೇವೆ, ಇಲ್ಲಿ ನಿಲುಗಡೆ ಇಲ್ಲ. ಅಲ್ಲಿ ಕಣ್ಣು ಮುಚ್ಚಿ ಒಳಗೆ ನೋಡುವುದುಂಟು, ಇಲ್ಲಿ ಕಣ್ಣು ತೆರೆದು ಮುಂದಾಳಾದ ಕೈಯ ದಿಕ್ಕಿಗೆ ನೋಟ ಹೋಗಬೇಕು.

ಉಸಿರಿನ ವಿಷಯದಲ್ಲಿ ಎಚ್ಚರ ಇನ್ನೂ ಮುಖ್ಯ. ಪ್ರಾಣಾಯಾಮ ಮಾಡಿದವರು ಪ್ರತಿ ಚಲನೆಗೂ ಉಸಿರು ಹೊಂದಿಸಲು ಹೋಗುತ್ತಾರೆ. ಕೈ ಏರಿದಾಗ ಒಳಕ್ಕೆ, ತಳ್ಳಿದಾಗ ಹೊರಕ್ಕೆ ಎಂಬ ಕ್ರಮ ಇರುವುದು ನಿಜ, ಅನುಭವ ಆದಂತೆ ಅದು ತಾನೇ ಕೂಡಿಕೊಳ್ಳುತ್ತದೆ. ಹೆಜ್ಜೆಯೇ ಬಾರದಿರುವಾಗ ಅದನ್ನು ಹೇರಿದರೆ ಚಲನೆ ಉದ್ದವಾಗಿ ಉಸಿರು ಸಾಲದೆ ಹಿಡಿದುಕೊಳ್ಳಬೇಕಾಗುತ್ತದೆ. ತಲೆ ಸುತ್ತುತ್ತದೆ. ಕುಂಭಕದ, ಅಂದರೆ ಉಸಿರು ಹಿಡಿದಿಡುವ ಅಗತ್ಯ ಇಲ್ಲಿಲ್ಲ. ಮೂಗಿನಲ್ಲಿ, ಹೊಟ್ಟೆ ಆಡುವಂತೆ, ಮಾಮೂಲಾಗಿ ಉಸಿರಾಡಿದರೆ ಸಾಕು.

ವಿಡಿಯೊ ನೋಡಿ ಕಲಿಯುವಾಗ

ಹತ್ತಿರದಲ್ಲಿ ಗುರುಗಳು ಸಿಗದ ಊರೇ ಜಾಸ್ತಿ, ಅಲ್ವಾ? ಹಾಗಾಗಿ ವಿಡಿಯೊ ಬೇಡ ಎನ್ನಲಾಗದು. ಆದರೆ ನಾಲ್ಕು ವಿಡಿಯೊ ನೋಡಿ ನಾಲ್ಕರಿಂದಲೂ ಸ್ವಲ್ಪ ಸ್ವಲ್ಪ ಕಲಿಯುವುದು ಗೊಂದಲಕ್ಕೆ ದಾರಿ. ಶೈಲಿಗಳು ನಿಜಕ್ಕೂ ಬೇರೆ ಬೇರೆ. ಚೆನ್ ಶೈಲಿಯಲ್ಲಿ ಕಾಲು ಅಪ್ಪಳಿಸುವುದು, ಥಟ್ಟನೆ ಬಲ ಹೊರಹಾಕುವುದು ಇದೆ. ವೂ ಜಿಯಾನ್‌ಚ್ವಾನ್ ಎಂಬ ಗುರುವಿನ ಶೈಲಿಯಲ್ಲಿ ಬಿಲ್ಲು ಹೆಜ್ಜೆಯಲ್ಲಿ ಬೇಕೆಂದೇ ಮುಂದಕ್ಕೆ ವಾಲುತ್ತಾರೆ. ಯಾಂಗ್ ಶೈಲಿ ಕಲಿಯುವವರು ಅದನ್ನು ನೋಡಿ ವಾಲಿದರೆ ಅದು ತಪ್ಪು. ಸುನ್ ಲೂಟಾಂಗ್ (1860–1933) ರೂಪಿಸಿದ ಶೈಲಿಯಲ್ಲಿ ನಿಲುವು ಎತ್ತರ, ಒಂದು ಕಾಲು ಮುಂದಿಟ್ಟರೆ ಇನ್ನೊಂದು ಹಿಂದೆಯೇ ಬಂದು ಸೇರುತ್ತದೆ. ಸಿಡ್ನಿಯ ವೈದ್ಯ ಪಾಲ್ ಲ್ಯಾಮ್ 1997ರಲ್ಲಿ ಸಂಧಿವಾತದವರಿಗಾಗಿ ಪಾಠಕ್ರಮ ಮಾಡುವಾಗ ಆಧಾರವಾಗಿಟ್ಟುಕೊಂಡದ್ದು ಮುಖ್ಯವಾಗಿ ಈ ಸುನ್ ಶೈಲಿಯನ್ನೇ. ಮಂಡಿ ತೊಂದರೆ ಇರುವವರು ಅಲ್ಲಿಂದ ಶುರು ಮಾಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ಒಂದು ಶೈಲಿ, ಒಬ್ಬ ಶಿಕ್ಷಕರನ್ನು ಆರಿಸಿಕೊಳ್ಳಿ. ಹಿಂದಿನಿಂದ ತೆಗೆದ ವಿಡಿಯೊ ಹುಡುಕಿ, ಎಡಬಲ ಅದಲುಬದಲಾಗುವ ತೊಂದರೆ ತಪ್ಪುತ್ತದೆ. ನಿಮ್ಮನ್ನೂ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮೊದಲ ಸಲ ನೋಡುವಾಗ ಕೈಯನ್ನು ನೋಡಲೇಬೇಡಿ, ಸೊಂಟದಿಂದ ಕೆಳಗೆ ಮಾತ್ರ ನೋಡಿ. 24 ಭಂಗಿಗಳನ್ನು ತಿಂಗಳಲ್ಲಿ ಮುಗಿಸುವ ಆತುರ ಬೇಡ. ಮೊದಲ ನಾಲ್ಕೈದನ್ನೇ ಮತ್ತೆ ಮತ್ತೆ ಮಾಡಿದರೂ ಭಾರ ದಾಟಿಸುವ ಅಭ್ಯಾಸ ಪೂರ್ತಿ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಬಲ್ಲವರ ಮುಂದೆ ಮಾಡಿ ತೋರಿಸಿದರೆ, ವಿಡಿಯೊ ಹೇಳಲಾರದ್ದನ್ನು ಅವರು ಎರಡೇ ನಿಮಿಷದಲ್ಲಿ ತಿದ್ದುತ್ತಾರೆ.

ಫಲ ಯಾವಾಗ, ಎಚ್ಚರ ಎಲ್ಲಿ

2016ರಲ್ಲಿ ಅಮೆರಿಕದಲ್ಲಿ ಮಂಡಿ ಸವೆತವಿದ್ದ 204 ಜನರ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. 12 ವಾರ ತೈ ಚಿ ಮಾಡಿದವರಿಗೂ ಫಿಸಿಯೋಥೆರಪಿ ಪಡೆದವರಿಗೂ ನೋವು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಳಿದಿತ್ತು. 2012ರಲ್ಲಿ ಪಾರ್ಕಿನ್ಸನ್ ಕಾಯಿಲೆಯ 195 ಜನರ ಅಧ್ಯಯನದಲ್ಲಿ ದೇಹದ ಸಮತೋಲ ಸುಧಾರಿಸಿತು. ಅಲ್ಲಿ ತರಬೇತಿ 24 ವಾರ, ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ. ಎರಡು ಕಡೆಯೂ ಕಲಿಸುವವರು ಎದುರಿಗಿದ್ದರು, ಕಲಿಕೆ ತಿಂಗಳುಗಟ್ಟಲೆ ನಡೆಯಿತು. ಜಾಹೀರಾತಿನ ಕೆಲವೇ ವಾರಗಳ ಭರವಸೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತೈ ಚಿ ಮಾಡುತ್ತಿದ್ದೇನೆಂದು ಬಿಪಿ, ಶುಗರ್ ಮಾತ್ರೆ ತಾವೇ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯದ ತಪ್ಪು.

ಶುರುವಿನಲ್ಲಿ ತೊಡೆ ಸ್ನಾಯು ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಮಂಡಿಯ ಒಳಗೆ ಅಥವಾ ಪಕ್ಕದಲ್ಲಿ ಚುಚ್ಚಿದಂತಾದರೆ ಅದು ಬೇರೆ. ನಿಲುವು ಎತ್ತರ ಮಾಡಿ, ಹೆಜ್ಜೆ ಚಿಕ್ಕದು ಮಾಡಿ, ಪಾದ ತಿರುಗಿಸುವ ಮುಂಚೆ ಭಾರ ತೆಗೆಯುತ್ತಿದ್ದೀರಾ ನೋಡಿ. ಆಗಲೂ ನೋವು ಉಳಿದರೆ, ಇಲ್ಲವೇ ಊತ ಬಂದರೆ, ನಿಲ್ಲಿಸಿ ವೈದ್ಯರನ್ನು ಕಾಣಿ. ಕೀಲು ಬದಲಿ ಶಸ್ತ್ರಚಿಕಿತ್ಸೆ ಆದವರು, ಮೂಳೆ ಟೊಳ್ಳಾದವರು, ಆಗಾಗ ತಲೆ ಸುತ್ತುವವರು ಮೊದಲೇ ಕೇಳಿ ಶುರು ಮಾಡಬೇಕು. ಚಪ್ಪಟೆ ಅಡಿಯ, ಜಾರದ ಶೂ ಹಾಕಿ. ದಪ್ಪ ಅಡಿಯ ಓಟದ ಶೂನಲ್ಲಿ ನೆಲ ಗೊತ್ತಾಗುವುದಿಲ್ಲ. ನಯವಾದ ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಮಾಡಬೇಡಿ. ಒಂಟಿ ಕಾಲಿನ ಭಂಗಿಗಳಿಗೆ ಪಕ್ಕದಲ್ಲಿ ಗಟ್ಟಿ ಕುರ್ಚಿಯೊಂದಿರಲಿ. ನಿಲ್ಲಲು ಕಷ್ಟವಿರುವವರಿಗೆ ಆ ಕುರ್ಚಿಯಲ್ಲೇ ಕೂತು ಮಾಡುವ ತೈ ಚಿ ಪಾಠಗಳೂ ಇವೆ.